ಒಂದೇ ಲಾರಿಯ ಮನೆಗಳು ಮತ್ತು ಹೊಗೆಯ ಕಾನೂನು

ಮೆಕ್ಕೆಜೋಳದ ಒಕ್ಕಣೆ ಮುಗಿಯುತ್ತ ಬಂದಂತೆ ಮಾಯಕೊಂಡ ಹೋಬಳಿಯ ಊರುಗಳಲ್ಲಿ ಲಾರಿಗಳ ಓಡಾಟ ಹೆಚ್ಚುತ್ತದೆ. ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗವು ಮಾಯಕೊಂಡದ ಮೇಲೆಯೇ ಹಾದುಹೋಗಿದ್ದರೂ ರೈತನ ಕಾಳುಕಡಿ ಕಣದಿಂದ ದಾವಣಗೆರೆಯ ಮಾರುಕಟ್ಟೆಗೆ ಹೋಗುವುದು ಲಾರಿಯ ಮೇಲೆಯೇ. ಹರಿಹರದ ಕಾರ್ಖಾನೆಗಳಿಗೆ ಬೇಕಾದ ಸರಕು, ಚನ್ನಗಿರಿ ಕಡೆಯ ಅಡಿಕೆ, ಊರಿನ ಮನೆಗಳಿಗೆ ಇಟ್ಟಿಗೆ, ಮರಳು, ಸಿಮೆಂಟು ಎಲ್ಲವೂ ಅಷ್ಟೇ. ಈ ಲಾರಿಗಳ ಮಾಲೀಕರು ಯಾರು ಎಂದು ವಿಚಾರಿಸಿದರೆ ದೊಡ್ಡ ಕಂಪನಿಗಳ ಹೆಸರು ಸಿಗುವುದು ಕಡಿಮೆ. ಇಡೀ ದೇಶದಲ್ಲಿಯೇ ಲಾರಿಗಳ ಬಹುಪಾಲು ಐದಕ್ಕಿಂತ ಹೆಚ್ಚು ವಾಹನವಿಲ್ಲದ ಸಣ್ಣ ಮಾಲೀಕರ ಕೈಯಲ್ಲಿದೆ. ನಮ್ಮ ಭಾಗದಲ್ಲಂತೂ ಮೂರು-ನಾಲ್ಕು ಎಕರೆ ಹೊಲವಿರುವ ಮನೆಯಲ್ಲಿ ಅಣ್ಣ ಬೇಸಾಯ ನೋಡಿಕೊಂಡರೆ ತಮ್ಮ ಲಾರಿ ಓಡಿಸುವುದು ರೂಢಿಯಾಗಿಬಿಟ್ಟಿದೆ. ಮಾಲೀಕನೂ ಅವನೇ, ಚಾಲಕನೂ ಅವನೇ.

ಇಂತಹ ಮನೆಯಲ್ಲಿ ಲಾರಿಯೆಂದರೆ ಬರಿಯ ವಾಹನವಲ್ಲ. ಮಗಳ ಮದುವೆ, ಮಗನ ಕಾಲೇಜು ಶುಲ್ಕ, ಬೆಳೆ ಕೈಕೊಟ್ಟ ವರ್ಷದ ಜೋಳ, ಇವೆಲ್ಲವೂ ಆ ನಾಲ್ಕು ಅಥವಾ ಆರು ಚಕ್ರಗಳ ಮೇಲೆ ನಿಂತಿರುತ್ತವೆ. ಮುಂಗಡ ಹಣಕ್ಕಾಗಿ ಮನೆಯಾಕೆಯ ಬಂಗಾರವನ್ನು ಅಡವಿಟ್ಟು, ಉಳಿದದ್ದಕ್ಕೆ ಫೈನಾನ್ಸಿನಲ್ಲಿ ಸಾಲ ಮಾಡಿ, ಹಲವರು ಹಳೆಯ ಲಾರಿಯನ್ನೇ ಕೊಂಡಿರುತ್ತಾರೆ. ಏಕೆಂದರೆ ಹೊಸದನ್ನು ಕೊಳ್ಳುವ ಶಕ್ತಿ ಅವರಿಗಿಲ್ಲ. ದೊಡ್ಡ ಕಂಪನಿಗಳು ಏಳೆಂಟು ವರ್ಷ ಓಡಿಸಿ ಮಾರಿದ ಗಾಡಿಯೇ ಸಣ್ಣವನ ಪಾಲಿಗೆ ಬರುವುದು. ಹೊಗೆಯ ಕಾನೂನು ಬಿಗಿಯಾದಂತೆಲ್ಲ ಅದರ ಪೆಟ್ಟು ಮೊದಲು ತಾಗುವುದು ಇವರಿಗೇ.

ಕಾನೂನಿನ ದಾರಿಯನ್ನು ಸ್ವಲ್ಪ ನೋಡೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೇ ಹೊಗೆಗೆ ಮಿತಿ ಹಾಕಲಾಗಿತ್ತು. ಬಿಗಿಯಾದ ಮಾನದಂಡಗಳು ಬಂದದ್ದು 2000ದ ನಂತರ. 2010ರಲ್ಲಿ ಭಾರತ್ ಸ್ಟೇಜ್-3 ದೇಶದಾದ್ಯಂತ ಬಂದಿತು. 2017ರ ಏಪ್ರಿಲ್ 1ರಿಂದ ಸ್ಟೇಜ್-4 ಜಾರಿಯಾಯಿತು. ಆಗ ಸರ್ವೋಚ್ಚ ನ್ಯಾಯಾಲಯವು ಮಾರ್ಚ್ 29ರಂದು, ಅಂದರೆ ಕೇವಲ ಮೂರು ದಿನ ಮೊದಲು, ಉಳಿದಿದ್ದ ಸ್ಟೇಜ್-3 ವಾಹನಗಳ ಮಾರಾಟವನ್ನೇ ನಿಷೇಧಿಸಿದ್ದು ಅನೇಕರಿಗೆ ನೆನಪಿರಬಹುದು. ಐದನೆಯ ಹಂತವನ್ನು ಹಾರಿ 2020ರ ಏಪ್ರಿಲ್ 1ರಿಂದ ನೇರವಾಗಿ ಸ್ಟೇಜ್-6ಕ್ಕೆ ಬಂದೆವು. ಭಾರೀ ವಾಹನದ ಎಂಜಿನ್ ಒಂದು ಯೂನಿಟ್ ಶಕ್ತಿಗೆ 3.5 ಗ್ರಾಂ ನೈಟ್ರೋಜನ್ ಆಕ್ಸೈಡುಗಳನ್ನು ಬಿಡಬಹುದೆಂದು ನಾಲ್ಕನೆಯ ಹಂತದಲ್ಲಿತ್ತು. ಆರನೆಯ ಹಂತದಲ್ಲಿ ಅದು 0.4 ಗ್ರಾಮಿಗೆ ಇಳಿಯಿತು. ಡೀಸೆಲ್‌ನಲ್ಲಿರುವ ಗಂಧಕವು ದಶಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಬಂದಿತು.

ಇದರಿಂದ ಒಳ್ಳೆಯದೇ ಆಯಿತು, ಸಂದೇಹವಿಲ್ಲ. ಡೀಸೆಲ್ ಹೊಗೆಯು ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಸಾರಿದೆ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವನು ಲಾರಿಯೊಳಗೇ ಮಲಗಿ ಏಳುವ ಚಾಲಕ ಮತ್ತು ಕ್ಲೀನರ್ ಹುಡುಗ. ಆದ್ದರಿಂದ ಕಾನೂನು ಲಾರಿಯವರ ವೈರಿಯೆಂದು ಭಾವಿಸುವುದು ತಪ್ಪು.

ಆದರೆ ಹೊಸ ಎಂಜಿನ್ನಿನ ಸ್ವಚ್ಛತೆ ಸುಮ್ಮನೆ ಬಂದುದಲ್ಲ. ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಫಿಲ್ಟರ್ ಇದೆ. ಯೂರಿಯಾ ದ್ರಾವಣವನ್ನು ಸಿಂಪಡಿಸಿ ವಿಷಾನಿಲವನ್ನು ನಿರಪಾಯಗೊಳಿಸುವ ಯಂತ್ರಾಂಶವಿದೆ. ಇವಕ್ಕೆಲ್ಲ ಸೆನ್ಸರುಗಳಿವೆ. ಮೊದಲು ರಸ್ತೆಬದಿಯ ಮೆಕ್ಯಾನಿಕ್ ಪಾನಾ ಹಿಡಿದು ಸರಿಪಡಿಸುತ್ತಿದ್ದ ತೊಂದರೆಗೆ ಈಗ ಕಂಪ್ಯೂಟರ್ ಜೋಡಿಸಬೇಕಾಗಿದೆ. ಯೂರಿಯಾ ದ್ರಾವಣದ ಖರ್ಚು ಬೇರೆ. ಅಗ್ಗವೆಂದು ಕಳಪೆ ದ್ರಾವಣ ಹಾಕಿಸಿದರೆ ಇಡೀ ಯಂತ್ರಾಂಶವೇ ಕೆಟ್ಟು ಕುಳಿತು ತಿಂಗಳ ದುಡಿಮೆ ಅದಕ್ಕೇ ಹೋಗುತ್ತದೆ. ಲಾರಿಯ ಬೆಲೆಯೂ ಏರಿತು. ಹೀಗಾಗಿ ಸಣ್ಣ ಮಾಲೀಕನು ಹಳೆಯ ಗಾಡಿಯನ್ನೇ ಇನ್ನಷ್ಟು ವರ್ಷ ಎಳೆಯುತ್ತಾನೆ. ಕಾನೂನು ಸ್ವಚ್ಛವಾಯಿತು, ರಸ್ತೆಯ ಮೇಲಿನ ಹಳೆಯ ಹೊಗೆ ಹಾಗೆಯೇ ಉಳಿಯಿತು.

ದಾವಣಗೆರೆಯ ಮಟ್ಟಿಗೆ ಇದು ದೂರದ ಮಾತಲ್ಲ. ಕೇಂದ್ರ ಸರ್ಕಾರವು 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ ಗಾಳಿಯ ಮಾನದಂಡವನ್ನು ಮುಟ್ಟದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳು ಸೇರಿದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾಗಿ, ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ ಊರು, ಗಿರಣಿಗಳು ಮುಚ್ಚಿದ ಮೇಲೆಯೂ ಇಂತಹ ಪಟ್ಟಿಗೆ ಸೇರಿತೆಂದರೆ ಯೋಚಿಸಬೇಕಾದ ಸಂಗತಿಯೇ. ರಾಷ್ಟ್ರೀಯ ಹೆದ್ದಾರಿಯ ಸಂಚಾರ, ಮುರಿದ ರಸ್ತೆಯ ಧೂಳು, ಕಟ್ಟಡ ಕೆಲಸ, ಹೊಗೆ ಎಲ್ಲವೂ ಅದರಲ್ಲಿ ಕೂಡಿವೆ.

ಈ ಕಾರ್ಯಕ್ರಮದಡಿ ನಗರಗಳಿಗೆ ಸಾರ್ವಜನಿಕ ಹಣ ಬಂದಿದೆ. ಅದು ಎಲ್ಲಿ ಖರ್ಚಾಯಿತು? ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2024ರಲ್ಲಿ ದೇಶದ ಲೆಕ್ಕವನ್ನು ತೆಗೆದು ತೋರಿಸಿತು. ನೂರಕ್ಕೆ 64 ಭಾಗ ರಸ್ತೆಯ ಧೂಳನ್ನು ತಗ್ಗಿಸುವ ಕೆಲಸಕ್ಕೆ ಹೋಗಿದೆ. ವಾಹನಗಳ ಹೊಗೆಗೆ ಸಂದದ್ದು ನೂರಕ್ಕೆ ಸುಮಾರು 13 ಭಾಗ ಮಾತ್ರ. ರಸ್ತೆ ಗುಡಿಸುವ ಯಂತ್ರ, ಡಾಂಬರು ಇವು ಬೇಡವೆಂದಲ್ಲ. ಆದರೆ ಪುಪ್ಪುಸದ ಒಳಗಿಳಿಯುವ ನುಣುಪಾದ ಮಸಿಯು ಪೊರಕೆಗೆ ಸಿಗುವಂತಹುದಲ್ಲ. ನಗರದ ಗಾಳಿಗೆಂದು ಬಂದ ಹಣದಲ್ಲಿ ಒಂದಿಷ್ಟನ್ನಾದರೂ ಆ ನಗರಕ್ಕೆ ದಿನವೂ ಸರಕು ತರುವ ಹಳ್ಳಿಯ ಹಳೆಯ ಲಾರಿಗಳ ಪಂಪ್ ಮತ್ತು ನಾಝಲ್ ದುರಸ್ತಿಗೋ ಬದಲಾವಣೆಗೋ ಕೊಡುವ ಯೋಚನೆ ಏಕೆ ಬರಬಾರದು? ಮಾಯಕೊಂಡದ ಲಾರಿ ಹೊಗೆ ಬಿಡುವುದು ದಾವಣಗೆರೆಯ ಪೇಟೆಯೊಳಗೆ, ಅಲ್ಲವೆ?

ಇದುವರೆಗೆ ಸರ್ಕಾರಗಳು ಏನೂ ಕೊಟ್ಟಿಲ್ಲವೆಂದು ಹೇಳುವುದು ನ್ಯಾಯವಾಗದು. 2021ರ ಆಗಸ್ಟ್ 13ರಂದು ಪ್ರಧಾನಿಯವರು ವಾಹನ ಗುಜರಿ ನೀತಿಯನ್ನು ಪ್ರಕಟಿಸಿದರು. ನೋಂದಾಯಿತ ಗುಜರಿ ಕೇಂದ್ರಕ್ಕೆ ಹಳೆಯ ವಾಹನವನ್ನು ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ಅದನ್ನು ತೋರಿಸಿ ಹೊಸದನ್ನು ಕೊಂಡರೆ ನೋಂದಣಿ ಶುಲ್ಕವಿಲ್ಲ. ಸಾರಿಗೆ ವಾಹನಕ್ಕೆ ಎಂಟು ವರ್ಷಗಳವರೆಗೆ ರಸ್ತೆ ತೆರಿಗೆಯಲ್ಲಿ ಶೇಕಡಾ 15ರವರೆಗೆ ರಿಯಾಯಿತಿ ನೀಡಲು ರಾಜ್ಯಗಳಿಗೆ ಅವಕಾಶವಾಯಿತು. 2024ರ ಆಗಸ್ಟ್‌ನಲ್ಲಿ ಲಾರಿ ತಯಾರಕರು 3.5 ಟನ್ನಿಗೆ ಮೇಲ್ಪಟ್ಟ ವಾಹನದ ಮೇಲೆ ಶೇಕಡಾ 3ರಷ್ಟು, ಅದಕ್ಕಿಂತ ಚಿಕ್ಕದರ ಮೇಲೆ ಶೇಕಡಾ 1.5ರಷ್ಟು ರಿಯಾಯಿತಿಗೆ ಎರಡು ವರ್ಷಗಳ ಮಟ್ಟಿಗೆ ಒಪ್ಪಿದರು. 2025ರ ಸೆಪ್ಟೆಂಬರ್ 22ರಿಂದ ಲಾರಿಯ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸಲಾಯಿತು. ನನ್ನ ದೃಷ್ಟಿಯಲ್ಲಿ ಇವುಗಳಲ್ಲೆಲ್ಲ ಸಣ್ಣವನಿಗೆ ನಿಜವಾಗಿ ಮುಟ್ಟಿದ್ದು ಈ ಕೊನೆಯದೇ.

ಮನೆಯ ಲೆಕ್ಕ ಹಾಕಿ ನೋಡಿದರೆ ಇದು ತಿಳಿಯುತ್ತದೆ. ಹೊಸ ಲಾರಿಗೆ 30 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳೋಣ. ಶೇಕಡಾ 3ರ ರಿಯಾಯಿತಿಯೆಂದರೆ 90,000 ರೂಪಾಯಿ. ಶೇಕಡಾ 10ರ ಬಡ್ಡಿಯಲ್ಲಿ ಅಷ್ಟಕ್ಕೂ ಸಾಲ ತೆಗೆದರೆ ಮೊದಲ ವರ್ಷದ ಬಡ್ಡಿಯೇ ಮೂರು ಲಕ್ಷದ ಹತ್ತಿರ ಬರುತ್ತದೆ. ಸಿಕ್ಕ ರಿಯಾಯಿತಿಯು ನಾಲ್ಕು ತಿಂಗಳ ಬಡ್ಡಿಗೂ ಸಾಲದು. ಇನ್ನೊಂದೆಡೆ 15 ವರ್ಷ ದಾಟಿದ ಭಾರೀ ವಾಹನದ ಎಫ್.ಸಿ. ಶುಲ್ಕವನ್ನು 12,500 ರೂಪಾಯಿಗೆ ಏರಿಸುವ ಅಧಿಸೂಚನೆ 2021ರ ಅಕ್ಟೋಬರಿನಲ್ಲಿಯೇ ಹೊರಟಿತ್ತು. ದಂಡದ ಕೈ ಉದ್ದವಾಗಿ ನೆರವಿನ ಕೈ ಗಿಡ್ಡವಾದರೆ ಬಡ ಮಾಲೀಕನು ಬೇರೆ ದಾರಿ ಹುಡುಕುತ್ತಾನೆ. ಪರೀಕ್ಷೆಯನ್ನೇ ಮಾಡದೆ ಹೊಗೆ ಪತ್ರ ಕೊಡಿಸುವವರು ಎಲ್ಲೆಡೆ ಹುಟ್ಟಿಕೊಳ್ಳುವುದು ಹೀಗೆಯೇ.

ವಿದ್ಯುತ್ ಲಾರಿಗಳಿಗೆ ಕೇಂದ್ರವು ದೊಡ್ಡ ಮೊತ್ತವನ್ನೇ ತೆಗೆದಿಟ್ಟಿದೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಇವಕ್ಕೆ 500 ಕೋಟಿ ರೂಪಾಯಿ ಮೀಸಲಿಟ್ಟು, ಒಂದು ಲಾರಿಗೆ ಗರಿಷ್ಠ 9.6 ಲಕ್ಷದವರೆಗೆ ಪ್ರೋತ್ಸಾಹಧನವನ್ನು ನಿಗದಿಪಡಿಸಲಾಯಿತು. ಹಳೆಯ ಡೀಸೆಲ್ ಲಾರಿಯ ಗುಜರಿ ಪ್ರಮಾಣಪತ್ರವನ್ನು ತೋರಿಸುವುದು ಕಡ್ಡಾಯ. ಕೇಳಲು ಚೆನ್ನಾಗಿದೆ. ಆದರೆ ಈ ಲಾರಿಗಳು ಸಿಮೆಂಟು, ಉಕ್ಕು, ಬಂದರುಗಳಂತಹ ಗೊತ್ತಾದ ದಾರಿಯ ದೊಡ್ಡ ಸಾಗಣೆಗೆ ಹೊಂದುವಂತಹವು. ಇಂದು ಜೋಳ, ನಾಳೆ ಇಟ್ಟಿಗೆ ಎಂದು ಸಿಕ್ಕ ಬಾಡಿಗೆಗೆ ಓಡುವವನಿಗೆ ಅವು ಸದ್ಯಕ್ಕೆ ಕನಸೇ ಸರಿ.

ನಮ್ಮ ರಾಜ್ಯದಲ್ಲಿ ಹೊಗೆ ತಗ್ಗಿಸಲೆಂದೇ ಸಣ್ಣ ವಾಹನದವರಿಗೆ ನೇರ ನೆರವು ಕೊಟ್ಟ ಉದಾಹರಣೆ ಇಲ್ಲದಿಲ್ಲ. ಬೆಂಗಳೂರಿನ ಟೂ-ಸ್ಟ್ರೋಕ್ ಆಟೋಗಳನ್ನು ಬಿಟ್ಟುಕೊಡುವವರಿಗೆ ತಲಾ 30,000 ರೂಪಾಯಿ ಸಹಾಯಧನವನ್ನು ರಾಜ್ಯ ಸರ್ಕಾರವು 2017ರಲ್ಲಿ ಘೋಷಿಸಿತ್ತು. ಆಟೋಗೆ ಸಾಧ್ಯವಾದುದು ಒಂದೇ ಲಾರಿಯವನಿಗೂ ಸಾಧ್ಯವಾಗಬೇಕು. 2020ರಲ್ಲಿ ಸ್ಥಾಪನೆಯಾದ ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಂತಹ ಸಂಸ್ಥೆಗಳೂ ಈ ದಿಕ್ಕಿನಲ್ಲಿ ಯೋಚಿಸಬಹುದು. ನಿಗಮಗಳ ನೆರವು ನಿರುದ್ಯೋಗಿ ಯುವಕನು ಹೊಸದಾಗಿ ಕಸುಬು ಆರಂಭಿಸಲಿ ಎಂಬ ಉದ್ದೇಶದ್ದು. ಇಪ್ಪತ್ತು ವರ್ಷದಿಂದ ಅದೇ ಕಾಯಕದಲ್ಲಿದ್ದು ಗಾಡಿಯನ್ನು ಬದಲಿಸಬೇಕಾದವನಿಗೆ ಪ್ರತ್ಯೇಕ ದಾರಿ ಬೇಕು.

ಹೊರದೇಶಗಳ ಅನುಭವ ಇಲ್ಲಿ ಪಾಠದಂತಿದೆ. ಅಮೆರಿಕೆಯ ಕ್ಯಾಲಿಫೋರ್ನಿಯ ರಾಜ್ಯವು 1998ರಿಂದ ಕಾರ್ಲ್ ಮೋಯರ್ ಎಂಬುವರ ಹೆಸರಿನ ಯೋಜನೆಯಲ್ಲಿ ಹಳೆಯ ಡೀಸೆಲ್ ಎಂಜಿನ್ ಬದಲಿಸುವವರಿಗೆ ಅನುದಾನ ಕೊಡುತ್ತ ಬಂದಿದೆ. 2006ರಲ್ಲಿ ಅಲ್ಲಿಯ ಮತದಾರರೇ ಒಪ್ಪಿಗೆ ಕೊಟ್ಟು ಸರಕು ಸಾಗಣೆಯ ಹೊಗೆ ತಗ್ಗಿಸಲು 100 ಕೋಟಿ ಡಾಲರ್ ಒದಗಿಸಿದರು. ಆ ಯೋಜನೆಯ ಕಟ್ಟಳೆ ಗಮನಾರ್ಹವಾದುದು. ಕಾನೂನಿನ ಗಡುವಿಗೆ ಮೊದಲೇ ಬದಲಾಯಿಸುವವನಿಗೆ ಹಣ ಸಿಗುತ್ತದೆ. ಗಡುವು ಮುಗಿದ ಮೇಲೆ ಬಂದವನಿಗೆ ಇಲ್ಲ, ಏಕೆಂದರೆ ಆಗ ಅದು ಅವನ ಕರ್ತವ್ಯವೇ ಆಗಿಬಿಡುತ್ತದೆ. ಹಳೆಯ ಎಂಜಿನ್ ಇನ್ನೊಬ್ಬರ ಕೈ ಸೇರದಂತೆ ಅದಕ್ಕೆ ತೂತು ಕೊರೆದು ನಾಶಪಡಿಸಬೇಕು. ಆದರೂ ಅಲ್ಲಿ ಎಲ್ಲವೂ ಸುಸೂತ್ರವಾಗಲಿಲ್ಲ. 2008ರಲ್ಲಿ ಲಾಸ್ ಏಂಜಲೀಸ್ ಬಂದರುಗಳು ಹಳೆಯ ಲಾರಿಗಳನ್ನು ಹೊರಗಿಟ್ಟಾಗ ಅನೇಕ ಚಾಲಕರು ಕಂಪನಿಗಳು ಕೊಂಡ ಹೊಸ ಲಾರಿಗಳನ್ನು ಕಂತಿನ ಮೇಲೆ ಪಡೆದು, ದುಡಿದುದೆಲ್ಲ ಕಂತಿಗೇ ಹೋಗಿ ಕಂಗಾಲಾದರು.

ಜಪಾನಿನ ಟೋಕಿಯೊ ನಗರವು 2003ರ ಅಕ್ಟೋಬರಿನಿಂದ ಹೊಗೆಯುಗುಳುವ ಡೀಸೆಲ್ ವಾಹನಗಳಿಗೆ ಪ್ರವೇಶ ನಿರಾಕರಿಸಿ, ಮಸಿ ಹಿಡಿಯುವ ಫಿಲ್ಟರ್ ಜೋಡಿಸುವವರಿಗೆ ಸಹಾಯಧನ ನೀಡಿತು. ಮರುವರ್ಷ ಮಿತ್ಸುಯಿ ಸಂಸ್ಥೆಯು ಮಾರಿದ ಫಿಲ್ಟರುಗಳ ಪರೀಕ್ಷಾ ಅಂಕಿಅಂಶಗಳೇ ಸುಳ್ಳೆಂದು ಹೊರಬಿತ್ತು. ಶಿಸ್ತಿಗೆ ಹೆಸರಾದ ನಾಡಿನಲ್ಲಿಯೇ ಹೀಗಾದರೆ ನಮ್ಮಲ್ಲಿ ಸಹಾಯಧನ ಬಂದ ದಿನ ಎಂತೆಂತಹ ಸಾಮಾನು ಮಾರಾಟಕ್ಕೆ ಬಂದೀತೆಂಬುದನ್ನು ಊಹಿಸಬಹುದು. ಹಣ ಕೊಡುವಾಗ ಕಣ್ಣು ತೆರೆದಿರಬೇಕು.

ಸರ್ಕಾರದ ನೆರವು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕಪ್ಪು ಹೊಗೆಯ ಕಾರಣಗಳು ಬಹುತೇಕ ಸಾಮಾನ್ಯವಾದವೇ: ಕಟ್ಟಿಕೊಂಡ ಏರ್ ಫಿಲ್ಟರ್, ಸವೆದ ನಾಝಲ್, ತಪ್ಪಿದ ಪಂಪ್ ಹೊಂದಾಣಿಕೆ, ಮಿತಿಮೀರಿದ ಲೋಡು. ಇವನ್ನು ಸರಿಪಡಿಸಿದರೆ ಹೊಗೆಯೊಡನೆ ಡೀಸೆಲ್ ಖರ್ಚೂ ತಗ್ಗುತ್ತದೆ. 2019ರ ತಿದ್ದುಪಡಿಯಂತೆ ಹೊಗೆ ನಿಯಮ ಮೀರಿದವನಿಗೆ 10,000 ರೂಪಾಯಿಗಳವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ ಎಂಬುದೂ ನೆನಪಿರಲಿ.

ಹಳೆಯ ಲಾರಿಯನ್ನು ಬಿಡಲೇಬೇಕೆಂದು ನಿಶ್ಚಯಿಸಿದವರು ಒಂದು ಮಾತನ್ನು ಗಮನಿಸಬೇಕು. ಪರಿಚಯದ ಗುಜರಿ ವ್ಯಾಪಾರಿಗೆ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತು, ಆದರೆ ಆತ ಕೊಟ್ಟ ಚೀಟಿಗೆ ತೆರಿಗೆ ರಿಯಾಯಿತಿ ಬರುವುದಿಲ್ಲ. ಪ್ರಮಾಣಪತ್ರ ಸಿಗುವುದು ನೋಂದಾಯಿತ ಕೇಂದ್ರದಲ್ಲಿ ಮಾತ್ರ. ಅಲ್ಲಿಗೆ ಹೋಗುವ ಮೊದಲು ಫೈನಾನ್ಸಿನ ಸಾಲ ತೀರಿ, ಆರ್.ಸಿ. ಪುಸ್ತಕದಿಂದ ಅವರ ಹೆಸರು ಹೋಗಿರಬೇಕು. ಯಜಮಾನರು ಲಿಂಗೈಕ್ಯರಾದ ಎಷ್ಟೋ ಮನೆಗಳಲ್ಲಿ ಲಾರಿ ಇನ್ನೂ ಅವರ ಹೆಸರಿನಲ್ಲಿಯೇ ಓಡುತ್ತಿರುತ್ತದೆ. ಅದನ್ನು ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಡಬೇಕೆಂಬ ನಿಯಮವಿದೆ. ಮನೆಯ ತಾಯಂದಿರು ಆ ಪುಸ್ತಕವನ್ನು ಒಮ್ಮೆ ತೆಗೆದು ಯಾರ ಹೆಸರಿದೆ ಎಂದು ನೋಡುವುದು ಒಳ್ಳೆಯದು.