ಬಂಗಾಳಕೊಲ್ಲಿಯ ಚಂಡಮಾರುತ, ಹುಂಚದ ಅಂಗಳದ ಅಡಿಕೆ

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಮುಟ್ಟಿತು. ಗಾಳಿಯ ವೇಗ ಗಂಟೆಗೆ 70ರಿಂದ 80 ಕಿ.ಮೀ., ಬೀಸು ಜೋರಾದಾಗ 90. ಮುಂದೆ ಸರಿಯದೆ ಕೆಲವು ಗಂಟೆ ಅಲ್ಲೇ ಸುತ್ತುತ್ತ ನಿಂತದ್ದರಿಂದ ವಿಳುಪ್ಪುರಂ ಜಿಲ್ಲೆಯ ಮೈಲಂನಲ್ಲಿ ಒಂದೇ ದಿನ ಸುಮಾರು 50 ಸೆಂ.ಮೀ. ಮಳೆ ಸುರಿಯಿತು. ಆಮೇಲೆ ಅದರ ಉಳಿಕೆ ದುರ್ಬಲಗೊಂಡು ಪಶ್ಚಿಮಕ್ಕೆ ಸರಿದು ಅರಬ್ಬಿ ಸಮುದ್ರದ ದಾರಿ ಹಿಡಿಯಿತು. ಡಿಸೆಂಬರ್ 3ರಂದು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಶಾಲೆಗಳಿಗೆ ಮಳೆ ರಜೆ ಸಿಕ್ಕಿತು. ಘಟ್ಟದ ಮೇಲೂ ಮೋಡ ಕವಿದು ಮಳೆಯಾಯಿತು. ಆಗ ಮಲೆನಾಡಿನಲ್ಲಿ ಅಡಿಕೆ ಸುಗ್ಗಿಯ ಕಾಲ.

ಪುದುಚೇರಿಗೂ ಹೊಸನಗರ ತಾಲ್ಲೂಕಿನ ಹುಂಚಕ್ಕೂ ಐನೂರು ಕಿ.ಮೀ.ಗಿಂತ ಹೆಚ್ಚು ದೂರ. ಅಲ್ಲಿಯ ಬಿರುಗಾಳಿ ಇಲ್ಲಿಯ ಅಂಗಳವನ್ನು ಹೇಗೆ ಒದ್ದೆ ಮಾಡುತ್ತದೆ?

ಎರಡು ಕಡಲಿನ ನಡುವೆ

ಸಾಂತರರ ರಾಜಧಾನಿಯಾಗಿದ್ದ, ಪದ್ಮಾವತಿ ದೇವಿಯ ಕ್ಷೇತ್ರವೆಂದು ಹೆಸರಾದ ಹುಂಚ ಇರುವುದೇ ನೀರು ಎರಡು ದಿಕ್ಕಿಗೆ ಹರಿಯುವ ಸೀಮೆಯಲ್ಲಿ. ಊರಿನ ಹತ್ತಿರದ ಬಿಲ್ಲೇಶ್ವರದಲ್ಲಿ ಹುಟ್ಟುವ ಕುಮುದ್ವತಿ ಶಿಕಾರಿಪುರದ ಕಡೆ ಹರಿದು ತುಂಗಭದ್ರೆ ಸೇರುತ್ತದೆ. ಆ ನೀರು ಕೊನೆಗೆ ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ. ಅದೇ ತಾಲ್ಲೂಕನ್ನು ಹಾದುಹೋಗುವ ಶರಾವತಿ ಅರಬ್ಬಿ ಸಮುದ್ರಕ್ಕೆ. ಇಲ್ಲಿಗೆ ಮಳೆ ಬರುವುದೂ ಎರಡೂ ಕಡಲಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಅರಬ್ಬಿ ಸಮುದ್ರದ್ದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಬಂಗಾಳಕೊಲ್ಲಿಯದು.

ಕಡಲಿನ ಮೇಲ್ಮೈ ನೀರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದಾಗ ಅಪಾರ ಆವಿ ಮೇಲೇಳುತ್ತದೆ. ಎತ್ತರದಲ್ಲಿ ಅದು ತಣಿದು ಹನಿಯಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖಕ್ಕೆ ಗಾಳಿ ಇನ್ನಷ್ಟು ಮೇಲೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ಗಾಳಿ ಒಳನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ನುಗ್ಗುವ ಗಾಳಿ ನೇರ ಸಾಗದೆ ಬಾಗಿ, ನಮ್ಮ ಉತ್ತರಾರ್ಧಗೋಳದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತತೊಡಗುತ್ತದೆ. ಇದೇ ಚಂಡಮಾರುತ.

ನೆಲಕ್ಕೆ ಬಂದ ಮೇಲೆ ಅದಕ್ಕೆ ಆವಿಯ ಪೂರೈಕೆ ತಪ್ಪುತ್ತದೆ. ಗುಡ್ಡ, ಕಾಡು, ಕಟ್ಟಡಗಳಿಗೆ ತಿಕ್ಕಿ ಗಾಳಿಯ ವೇಗ ಬೇಗ ಇಳಿಯುತ್ತದೆ. ಪೂರ್ವ ಕರಾವಳಿಯಲ್ಲಿ ಮರ ಉರುಳಿಸಿದ ಗಾಳಿ ಮಲೆನಾಡಿಗೆ ಅದೇ ಬಿರುಸಿನಲ್ಲಿ ತಲುಪದಿರುವುದು ಇದರಿಂದ. ಆದರೆ ಗಾಳಿ ಸತ್ತರೂ ಸುಳಿ ಸಾಯುವುದಿಲ್ಲ. ತೇವ ತುಂಬಿದ ವಾಯುಭಾರ ಕುಸಿತವಾಗಿ ಅದು ಪಶ್ಚಿಮಕ್ಕೆ ಸಾಗುತ್ತದೆ.

ಚಳಿಗಾಲದಲ್ಲಿ ಮಲೆನಾಡಿಗೆ ಬೀಸುವುದು ಮೂಡಣ ಗಾಳಿ. ಬಯಲುಸೀಮೆಯನ್ನು ದಾಟಿ ಬರುವಷ್ಟರಲ್ಲಿ ಅದು ಒಣಗಿರುತ್ತದೆ. ಡಿಸೆಂಬರ್, ಜನವರಿಯ ಶುಭ್ರ ಬಿಸಿಲಿಗೆ ಇದೇ ಕಾರಣ. ಸುಳಿ ಘಟ್ಟದ ಹತ್ತಿರ ಬಂದಾಗ ಈ ಏರ್ಪಾಡು ತಲೆಕೆಳಗಾಗುತ್ತದೆ. ಸುಳಿಯ ದಕ್ಷಿಣ ಮತ್ತು ಪೂರ್ವ ಅಂಚಿನ ಗಾಳಿ ಅರಬ್ಬಿ ಸಮುದ್ರದ ತೇವವನ್ನೂ ಎಳೆದುಕೊಂಡು ಘಟ್ಟ ಏರುತ್ತದೆ, ಏರುತ್ತ ತಣಿಯುತ್ತದೆ, ಮಳೆಯಾಗುತ್ತದೆ.

ಸಣ್ಣ ಮಳೆ, ದೊಡ್ಡ ನಷ್ಟ

ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಕಾಣುವ ಆಗುಂಬೆ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇದೆ. ಅಂಥ ಸೀಮೆಗೆ ಡಿಸೆಂಬರಿನ ಎರಡು ಮೂರು ಸೆಂ.ಮೀ. ಮಳೆ ಲೆಕ್ಕಕ್ಕಿಲ್ಲ ಎನ್ನಿಸಬಹುದು. ಆದರೆ ನಷ್ಟ ನಿರ್ಧಾರವಾಗುವುದು ಮಳೆಯ ಅಳತೆಯಿಂದಲ್ಲ, ಅದು ಬಿದ್ದ ಹೊತ್ತಿನಿಂದ.

ಕೊನೆ ಇಳಿಸಿ, ಸುಲಿದು, ಚೊಗರಿನಲ್ಲಿ ಬೇಯಿಸಿದ ಅಡಿಕೆಗೆ ಐದಾರು ದಿನದ ಒಳ್ಳೆಯ ಬಿಸಿಲು ಬೇಕು. ಒಣಗುವುದೆಂದರೆ ಅಡಿಕೆಯೊಳಗಿನ ನೀರು ಹೊರಗಿನ ಗಾಳಿಗೆ ಸೇರುವುದು. ಗಾಳಿಯೇ ತೇವದಿಂದ ತುಂಬಿದ್ದರೆ ಆ ನೀರಿಗೆ ಹೋಗಲು ಜಾಗವಿಲ್ಲ. ಆದ್ದರಿಂದ ಒಂದು ಹನಿ ಬೀಳದಿದ್ದರೂ ಮೂರು ದಿನ ಮೋಡ ಮುಸುಕಿದರೆ ಸಾಕು, ಬೂಷ್ಟು ಹಿಡಿಯುತ್ತದೆ. ಬಣ್ಣ ಕೆಡುತ್ತದೆ, ಮಂಡಿಯಲ್ಲಿ ದರ ಇಳಿಯುತ್ತದೆ. ಟಾರ್ಪಾಲು ಹನಿಯನ್ನು ತಡೆಯಬಲ್ಲದು, ತೇವವನ್ನಲ್ಲ. ದಿನಗಟ್ಟಲೆ ಮುಚ್ಚಿಟ್ಟರೆ ಅದೇ ತೇವವನ್ನು ಒಳಗೆ ಕೂಡಿಹಾಕುತ್ತದೆ.

ಭತ್ತದ ಕಥೆಯೂ ಹೀಗೆಯೇ. ಕೊಯ್ದು ಗದ್ದೆಯಲ್ಲಿ ಹರವಿದ ತೆನೆ ನೆನೆದರೆ ಕಾಳು ನೀರು ಹೀರುತ್ತದೆ. ಒಳಗಿನ ಕಿಣ್ವಗಳು ಎಚ್ಚೆತ್ತು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ, ಮೊಳಕೆ ಒಡೆಯುತ್ತದೆ. ಕಾಳಿನ ಜೊತೆ ದನಗಳ ವರ್ಷದ ಹುಲ್ಲೂ ಹಾಳು. ಈಗ ಹೊಸನಗರ, ತೀರ್ಥಹಳ್ಳಿ, ಸಾಗರದ ಅಡಿಕೆ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕೆ ರೋಗ ಶಿಲೀಂಧ್ರದ್ದು. ಎಲೆಯ ಮೇಲೆ ನಿಂತ ತೇವ ಅದಕ್ಕೂ ಅನುಕೂಲ.

ನೆರೆಯ ವಿಷಯ ಬೇರೆ. ಚಳಿಗಾಲದ ಮಳೆ ಮುಂಗಾರಿನಂತೆ ವಾರಗಟ್ಟಲೆ ಹಿಡಿಯದ ಕಾರಣ ತುಂಗೆ ಆಗಸ್ಟಿನಂತೆ ಉಕ್ಕುವುದಿಲ್ಲ. ಆದರೂ ಡಿಸೆಂಬರ್, ಜನವರಿ ಪ್ರವಾಸದ ತಿಂಗಳು. ತೀರ್ಥಹಳ್ಳಿಯಲ್ಲಿ ರಾಮೇಶ್ವರನ ಎಳ್ಳಮಾವಾಸ್ಯೆ ಜಾತ್ರೆ, ತುಂಗೆಯಲ್ಲಿ ತೀರ್ಥಸ್ನಾನ, ತೆಪ್ಪೋತ್ಸವ ನಡೆಯುವ ಕಾಲವೂ ಇದೇ. ಗುಡ್ಡದ ಹಳ್ಳ ಒಂದು ಜೋರು ಮಳೆಗೆ ಏರಬಲ್ಲದು. ನೆನೆದ ಮಣ್ಣಿನಲ್ಲಿ ಬೇರು ಸಡಿಲಾಗಿ ಮರ ಸಾಧಾರಣ ಗಾಳಿಗೂ ಬೀಳಬಲ್ಲದು. ಮೋಡ ಕಟ್ಟಿದ ದಿನ ಹಳ್ಳ ದಾಟುವವರೂ ಜಾತ್ರೆಯ ಚಪ್ಪರ ಕಟ್ಟುವವರೂ ಇದನ್ನು ನೆನಪಿಡಬೇಕು.

ಸಿಗುವ ಮೂರು ದಿನ

ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. ಕಡಲೂ ಬೆಚ್ಚಗಾಗುತ್ತಿದೆ. ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ 2001ರಿಂದ 2019ರ ಅವಧಿಯಲ್ಲಿ ಅದಕ್ಕೆ ಹಿಂದಿನ ಎರಡು ದಶಕಗಳಿಗಿಂತ ಶೇ. 52ರಷ್ಟು ಹೆಚ್ಚಿತ್ತು ಎಂದು ಭಾರತೀಯ ವಿಜ್ಞಾನಿಗಳ ಅಧ್ಯಯನ ತೋರಿಸಿದೆ. ಚಂಡಮಾರುತವಿಲ್ಲದೆಯೂ ಮಳೆ ಬರಬಹುದು. 2021ರ ಜನವರಿಯಲ್ಲಿ ಪೂರ್ವದ ಗಾಳಿಯ ಅಲೆಗಳು ತಂದ ಮಳೆ ಮಲೆನಾಡಿನ ಅಡಿಕೆ, ಕಾಫಿ ಎರಡನ್ನೂ ಕೆಡಿಸಿತು. ಡಿಸೆಂಬರ್ ಕೊನೆಗೆ ಮುಗಿಯಬೇಕಿದ್ದ ಹಿಂಗಾರು ಆ ಸಲ ಹಿಂದೆ ಸರಿದದ್ದು ಜನವರಿ 19ಕ್ಕೆ.

ಆದರೆ ಮಲೆನಾಡಿಗೆ ಒಂದು ಅನುಕೂಲವಿದೆ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತಕ್ಕೆ ಹೆಸರು ಬಿದ್ದ ದಿನದಿಂದ ಅದರ ಮೋಡ ಇಲ್ಲಿಗೆ ತಲುಪಲು ಸಾಮಾನ್ಯವಾಗಿ ಮೂರ್ನಾಲ್ಕು ದಿನ ಬೇಕು. ಪೂರ್ವ ಕರಾವಳಿಯವರಿಗೆ ಇಷ್ಟು ಸಮಯ ಸಿಗುವುದಿಲ್ಲ. ಹವಾಮಾನ ಇಲಾಖೆ ಮಂಗಳವಾರ, ಶುಕ್ರವಾರ ಕೃಷಿ ಸಲಹೆ ಕೊಡುತ್ತದೆ. ‘ಮೇಘದೂತ್’ ಆ್ಯಪ್‌ನಲ್ಲಿ ಅದು ಕನ್ನಡದಲ್ಲೇ ಸಿಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ ಹಗಲು ರಾತ್ರಿ ಉತ್ತರಿಸುತ್ತದೆ.

ಬಂಗಾಳಕೊಲ್ಲಿಯ ಸುದ್ದಿ ಕಿವಿಗೆ ಬಿದ್ದ ಕೂಡಲೇ ಕೊನೆ ಇಳಿಸುವುದನ್ನು ನಿಲ್ಲಿಸಿ. ಮರದ ಮೇಲಿನ ಅಡಿಕೆ ನಾಲ್ಕು ದಿನ ಕಾಯುತ್ತದೆ, ಬೇಯಿಸಿದ ಅಡಿಕೆ ಕಾಯುವುದಿಲ್ಲ. ಭತ್ತದ ಕೊಯ್ಲನ್ನೂ ಮುಂದೂಡಿ. ಕೊಯ್ದದ್ದಿದ್ದರೆ ಬಣವೆ ಹಾಕಿ ಮುಚ್ಚಿ. ಒಬ್ಬ ಸಣ್ಣ ಬೆಳೆಗಾರ ಅಡಿಕೆ ಒಣಗಿಸುವ ಡ್ರೈಯರ್ ಕೊಳ್ಳಲಾರ, ಒಂದು ಊರು ಕೊಳ್ಳಬಲ್ಲದು. ಮಲೆನಾಡಿನ ಸಹಕಾರ ಸಂಘಗಳು ಮುಂದಿನ ಸುಗ್ಗಿಗೆ ಮೊದಲು ಊರಿಗೊಂದು ಸಾಮೂಹಿಕ ಒಣಮನೆ ಕಟ್ಟುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.