ಡಪ್ಪು ಹಿಡಿದವನೂ ತುಂತುಣಿ ಹಿಡಿದ ದೋಸ್ತನೂ

ಬ್ರಿಟಿಷ್ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್ ಸಾಹೇಬರಿಗೆ ದೇಗಾಂವದಲ್ಲಿ ಬೇಕಾಗಿದ್ದದ್ದು ಕಲ್ಲು. ಕಿತ್ತೂರಿಗೆ ಹತ್ತಿರದ ಈ ಊರಿನಲ್ಲಿ ಕಮಲನಾರಾಯಣನ ಗುಡಿಯಿದೆ. ಗೋವೆಯ ಕದಂಬರ ಪೆರ್ಮಾಡಿ ಶಿವಚಿತ್ತನ ರಾಣಿ ಕಮಲಾದೇವಿ ಅದನ್ನು 12ನೇ ಶತಮಾನದಲ್ಲಿ ಕಟ್ಟಿಸಿದಳು, ಕಡೆದವನು ತಿಪ್ಪೋಜ. ಅಲ್ಲಿಯ ಶಾಸನಗಳನ್ನು ಓದಿ ಅಚ್ಚು ಮಾಡಿಸಿದ ಇದೇ ಸಾಹೇಬರು ಮುಂದೆ ಈ ಸೀಮೆಯ ಲಾವಣಿಗಳ ಬೆನ್ನು ಹತ್ತಿದರು. 1885ರ ಸುಮಾರಿನಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಐದು ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ಒಂದು ಸಂಗೊಳ್ಳಿ ರಾಯಣ್ಣನದು, ಇನ್ನೊಂದು ಹಲಗಲಿಯ ಬೇಡರದು. ಮತ್ತೊಂದು ಬೈಲಹೊಂಗಲದ ಸಂಗ್ಯಾನ ಸಾವಿನದು.

ಸಂಗ್ಯಾ ಅಂದ ಕೂಡಲೇ ಈ ಕಡೆಯವರ ಬಾಯಲ್ಲಿ ಬಾಳ್ಯಾ ಬಂದೇ ಬರುತ್ತಾನೆ. ಜೀವದ ಗೆಳೆಯರು. ಜಾತ್ರೆಯಲ್ಲಿ ಕಂಡ ಈರಣ್ಣನ ಹೆಂಡತಿ ಗಂಗಿಗೆ ಸಂಗ್ಯಾ ಮನಸೋಲುತ್ತಾನೆ, ಬಾಳ್ಯಾ ನೆರವಿಗೆ ನಿಲ್ಲುತ್ತಾನೆ. ಗುಟ್ಟು ರಟ್ಟಾದ ಮೇಲೆ ಅದೇ ಬಾಳ್ಯಾ ಆಮಿಷಕ್ಕೆ ಬಿದ್ದು, ಗೆಳೆಯನನ್ನು ಕೊಲ್ಲುವವರ ಕೈಗೆ ಒಪ್ಪಿಸುತ್ತಾನೆ. ಬೈಲವಾಡದ ಪತ್ತಾರ ಮಾಸ್ತರ ಈ ಕತೆಯನ್ನು ಸಣ್ಣಾಟವೆಂಬ ಜನಪದ ನಾಟಕ ಮಾಡಿದರು. ಘೋಡಗೇರಿಯ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಪುಸ್ತಕ ಮಾಡಿದರು. ಇಷ್ಟು ವರ್ಷವಾದರೂ ಜನ ನೋಡುವುದು ಗಂಗಿಗಾಗಿ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ದೋಸ್ತ ಕೈ ಕೊಟ್ಟನಲ್ಲ ಎಂಬ ಸಂಕಟವೇ ಆ ಆಟದ ಜೀವ.

ಈ ಗೆಳೆತನದ ಮಾತು ಯಾಕೆಂದರೆ, ಗಿಟಾರ್ ಹಿಡಿದ ಇಬ್ಬರು ಸ್ನೇಹಿತರು ಸೇರಿ ‘ಫೋಕ್ ರಾಕ್’ ಹಾಡುವುದನ್ನು ನಮ್ಮ ಹುಡುಗರು ಹೊಸದೆಂದು ಹಚ್ಚಿಕೊಂಡಿದ್ದಾರೆ. ಅವರು ತೋರಿಸುವ ಮಾದರಿ ನ್ಯೂಯಾರ್ಕಿನ ಸೈಮನ್ ಮತ್ತು ಗಾರ್ಫಂಕಲ್. ಶಾಲೆಯ ದಿನಗಳಿಂದ ಗೆಳೆಯರಾದ ಅವರು 1970ರಲ್ಲಿ, ಕೀರ್ತಿಯ ತುದಿಯಲ್ಲಿದ್ದಾಗಲೇ ಬೇರೆಯಾದರು. 1981ರಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಮತ್ತೆ ಕೂಡಿ ಹಾಡಿದಾಗ ನೆರೆದವರು ಸುಮಾರು ಐದು ಲಕ್ಷ. ಒಳ್ಳೆಯದೇ. ಆದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಕರೆಂಟು, ಮೈಕು ಬರುವ ಮೊದಲೇ ಒಂದು ತಂತಿ, ಒಂದು ಚರ್ಮ, ಎರಡು ಮೂರು ಗಂಟಲು ಸೇರಿ ಊರನ್ನೆಲ್ಲ ಬೆಳತನಕ ಕೂಡಿಸುತ್ತಿದ್ದವು. ಅದು ಗೀಗೀ ಮೇಳ.

ಮೇಳವನ್ನು ಹತ್ತಿರದಿಂದ ನೋಡಬೇಕು. ಮುಂದೆ ನಿಂತವನ ಎಡಗೈಯಲ್ಲಿ ಡಪ್ಪು. ಚರ್ಮ ಸಡಿಲಿದ್ದರೆ ನಾದ ಮೊಂಡಾಗುತ್ತದೆ. ಅದಕ್ಕೇ ಹಾಡು ಶುರುವಾಗುವ ಮೊದಲು ಒಂದಿಷ್ಟು ಹುಲ್ಲಿಗೆ ಬೆಂಕಿ ಹಚ್ಚಿ ಅದರ ಕಾವಿಗೆ ಹಿಡಿಯುತ್ತಾರೆ. ಬೆರಳಿಂದ ಬಡಿದು ಕಿವಿಗೊಟ್ಟು, ಮತ್ತೆ ಕಾಸುತ್ತಾರೆ. ಹಿಂದೆ ನಿಂತವನ ಕಂಕುಳಲ್ಲಿ ತುಂತುಣಿ: ತಳಕ್ಕೆ ಚರ್ಮ ಬಿಗಿದ ಗೂಡು, ಪಕ್ಕಕ್ಕೆ ಬಿದಿರ ಕೋಲು, ಚರ್ಮದ ನಡುವಿನಿಂದ ಕೋಲಿನ ತುದಿಯ ಬಿರಡೆಗೆ ಎಳೆದ ಒಂದೇ ತಂತಿ. ಸಣ್ಣ ಕಡ್ಡಿಯಿಂದ ಮೀಟಿದರೆ ಶ್ರುತಿಯೂ ಅದೇ, ಲಯವೂ ಅದೇ. ಇನ್ನೊಬ್ಬನ ಕೈಯಲ್ಲಿ ತಾಳ. ಮುಂದಿನವನು ಪಲ್ಲ ಎತ್ತಿ, ನುಡಿ ಹೇಳಿ, ಏರಿನಲ್ಲಿ ಉಸಿರು ಕಟ್ಟುವ ಹೊತ್ತಿಗೆ ಹಿಂದಿನವನು ಸೊಲ್ಲು ಕಸಿದುಕೊಳ್ಳುತ್ತಾನೆ. ಕೇಳುವವರಿಗೆ ಎಲ್ಲಿ ಒಂದು ದನಿ ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೆಂದು ಗೊತ್ತಾಗಬಾರದು. ವರ್ಷಗಟ್ಟಲೆ ಒಟ್ಟಿಗೆ ಉಂಡು, ತಿರುಗಿ, ಜಗಳಾಡಿದವರಿಗಷ್ಟೇ ಅದು ದಕ್ಕುತ್ತದೆ.

ಎದುರಾಳಿ ಮೇಳವಿದ್ದರಂತೂ ರಂಗೇ ಬೇರೆ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಪುರಾಣ, ತತ್ವ, ಒಗಟು ಎಲ್ಲವನ್ನೂ ಎಳೆದು ತಂದು ಸವಾಲು ಹಾಕುತ್ತಾರೆ. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಇದೇ ಡಪ್ಪು ದೇಶದ ಮಾತಾಡಿತು. ರಾಮದುರ್ಗ ತಾಲ್ಲೂಕಿನ ಹುಲಕುಂದದ ಭೀಮಕವಿ ಕಟ್ಟಿದ ಗೀಗೀ ಪದಗಳು ಭಾಷಣ ತಲುಪದ ಕಡೆಗೂ ತಲುಪಿದವು.

ಕನ್ನಡದ ರಾಕ್ ಬ್ಯಾಂಡುಗಳು ಉತ್ತರ ಕರ್ನಾಟಕದ ಋಣದಲ್ಲಿವೆ, ಸುಳ್ಳಲ್ಲ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ತಂದರು, 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲೂ ಹಾಡಿದರು. ಮೈಸೂರಿನಲ್ಲಿ ಹುಟ್ಟಿದ ಸ್ವರಾತ್ಮ ತಂಡದ್ದೂ ಜನಪದದ ದಾರಿಯೇ. ಆದರೆ ಬ್ಯಾಂಡುಗಳು ತತ್ವಪದಕ್ಕೆ ಕೊಟ್ಟ ಮನ್ನಣೆ ಗೀಗೀಗೆ ಸಿಕ್ಕಿಲ್ಲ. ಕಾರಣ ಸರಳ. ತತ್ವಪದ ನಾಲ್ಕು ನಿಮಿಷಕ್ಕೆ ಹೊಂದುತ್ತದೆ, ಒಬ್ಬನೇ ಹಾಡಬಹುದು. ಗೀಗೀ ವಾದದ ಹಾಡು. ಅದಕ್ಕೆ ಇನ್ನೊಂದು ಬಾಯಿ ಬೇಕೇ ಬೇಕು. ಮುಂದಿನ ಗಾಯಕನ ಫೋಟೋ ಮಾತ್ರ ಪೋಸ್ಟರಿಗೆ ಹಾಕುವ ಕಾಲದಲ್ಲಿ ಹಿಮ್ಮೇಳದವನನ್ನು ಯಾರು ಕೇಳುತ್ತಾರೆ?

ಕೇಳಿದವರೂ ಇದ್ದರು. ಕಿತ್ತೂರು ತಾಲ್ಲೂಕಿನದೇ ಬೈಲೂರಿನ ಬಸವಲಿಂಗಯ್ಯ ಹಿರೇಮಠರು ಧಾರವಾಡದಲ್ಲಿ ನೆಲೆಸಿ, ಪತ್ನಿ ವಿಶ್ವೇಶ್ವರಿಯವರೊಂದಿಗೆ ಶ್ರೀಕೃಷ್ಣ ಪಾರಿಜಾತವನ್ನೂ ಜನಪದ ಹಾಡುಗಳನ್ನೂ ದೂರದೂರಕ್ಕೆ ಒಯ್ದರು. ಅವರದು ಜೋಡಿ ದನಿ. 2022ರ ಜನವರಿಯಲ್ಲಿ ಹಿರೇಮಠರು ತೀರಿಕೊಂಡ ಮೇಲೆ ಈ ಸೀಮೆಯ ದೊಡ್ಡ ದನಿಯೊಂದು ಹೋಯಿತು.

ಪ್ರತಿ ಅಕ್ಟೋಬರ್ 23ರ ಹೊತ್ತಿಗೆ, 1824ರಲ್ಲಿ ರಾಣಿ ಚನ್ನಮ್ಮ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದ ನೆನಪಿಗೆ, ಕಿತ್ತೂರು ಉತ್ಸವ ನಡೆಯುತ್ತದೆ. ಉತ್ಸವ ನಡೆಸುವವರಲ್ಲಿ ಒಂದು ಕೋರಿಕೆ: ಗೀಗೀ ಮೇಳಗಳನ್ನು ಮೆರವಣಿಗೆಗಷ್ಟೇ ಕರೆಯಬೇಡಿ, ಒಂದಿಡೀ ರಾತ್ರಿ ಕೊಡಿ. ಗಿಟಾರಿನ ಜೋಡಿಗಳನ್ನೂ ಅದೇ ವೇದಿಕೆಗೆ ಕರೆದು ಸವಾಲಿಗೆ ಬಿಡಿ. ಮತ್ತು ಹಾಡುಗಾರರ ಹೆಸರು ಹಾಕುವಾಗ ತುಂತುಣಿಯವನ ಹೆಸರನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ.