ಪಾವಗಡದ ಬಿಸಿಲೂ ಕೂಲಿಕಾರರ ಪಾಲೂ

ಚಂದ್ರಾ ಲೇಔಟಿನ ಮನೆಗಳಲ್ಲಿ ಹಗಲು ತಿರುಗುವ ಪಂಖಕ್ಕೆ ತುಮಕೂರು ಜಿಲ್ಲೆಯ ಪಾವಗಡದ ಬಿಸಿಲೂ ಒಂದಿಷ್ಟು ಕಾರಣವೆಂಬುದನ್ನು ನಗರವಾಸಿಗಳಲ್ಲಿ ಎಷ್ಟು ಮಂದಿ ಬಲ್ಲರು? 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಗಣಿಗೆ ವಿದ್ಯುಚ್ಛಕ್ತಿಯನ್ನು ಒಯ್ದ ನಾಡು, ಈಗ ಬರಕ್ಕೆ ಹೆಸರಾದ ತಾಲ್ಲೂಕಿನಿಂದಲೂ ಅದನ್ನು ಪಡೆಯುತ್ತಿದೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯವು ಪೂರ್ಣವಾಯಿತು. ಸಾಮರ್ಥ್ಯವೇ ಉತ್ಪತ್ತಿಯೆಂದು ವಾಚಕರು ಭ್ರಮಿಸಬಾರದು. ಅದು ನಡುಹಗಲಿನ ಮಾತು. ಮೋಡ ಕವಿದರೆ ಕುಗ್ಗುವುದು, ಸೂರ್ಯಾಸ್ತವಾದರೆ ಸೊನ್ನೆ.

ಜಮೀನನ್ನು ಕಸಿದುಕೊಳ್ಳದೆ ಗುತ್ತಿಗೆಗೆ ಪಡೆದ ಸರಕಾರದ ಕ್ರಮವು ಶ್ಲಾಘ್ಯವೇ ಸರಿ. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಬಳಿಕ ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಮಳೆಯಿಲ್ಲದ ಹೊಲವು ಇಷ್ಟನ್ನು ತಪ್ಪದೆ ಎಂದಾದರೂ ಕೊಟ್ಟೀತೆ?

ಆದರೆ ಗುತ್ತಿಗೆಪತ್ರದಲ್ಲಿರುವುದು ಪಹಣಿಯುಳ್ಳವನ ಹೆಸರು. ಅದೇ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು ಬದುಕಿದ ಭೂಹೀನನಿಗೂ, ಅಲ್ಲಿ ಕುರಿ ಮೇಯಿಸಿದವನಿಗೂ ಬಾಡಿಗೆಯಿಲ್ಲ. ಫಲಕಗಳ ಧೂಳು ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು ಕಾಯುವುದು: ಉಳಿದ ಕೆಲಸ ಇಷ್ಟು, ಅದೂ ಕೆಲವರಿಗೆ ಮಾತ್ರ. ಇದು ದಾನಧರ್ಮದ ವಿಷಯವೆಂದು ಅಧಿಕಾರಿವರ್ಗದವರು ಎಣಿಸಕೂಡದು. ಮಾರಾಟವಾಗುವ ಪ್ರತಿ ಯೂನಿಟ್ಟಿನಿಂದ ಒಂದೆರಡು ಪೈಸೆಗಳನ್ನು ತೆಗೆದಿರಿಸಿ, ಪಹಣಿಯಿಲ್ಲದ ಕುಟುಂಬಗಳ ಪಟ್ಟಿಯನ್ನು ಗ್ರಾಮವಾರು ತಯಾರಿಸಿ, ಗುತ್ತಿಗೆಯ ಹಣ ಸಲ್ಲುವ ದಿನವೇ ಅವರಿಗೂ ಸಲ್ಲಿಸತಕ್ಕದ್ದೆಂದು ನಾವು ಒತ್ತಾಯಪಡಿಸುತ್ತೇವೆ. ಆ ಪೈಸೆಯು ನಮ್ಮ ಬಿಲ್ಲಿನ ಮೇಲೆಯೇ ಬಿದ್ದರೂ ಚಂದ್ರಾ ಲೇಔಟಿನವರು ಆಕ್ಷೇಪಿಸಲಾರರೆಂದು ನಂಬಿದ್ದೇವೆ.